ಎರಡನೇ ಸಲ ಕೇಳದವರು

ನಮ್ಮ ಮನೆಯಲ್ಲಿ ಒಂದು ಕಾನೂನು ಇತ್ತು. ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲು ಬೇಡ ಅನ್ನಬೇಕು. ಪಕ್ಕದ ಮನೆಯವರು ತಟ್ಟೆ ತುಂಬ ಮಂಡಕ್ಕಿ ಒಗ್ಗರಣೆ ಹಿಡಿದು ನಿಂತಿರಲಿ, ನಮ್ಮ ಹೊಟ್ಟೆಯೊಳಗೆ ಇಲಿ ಓಡಾಡುತ್ತಿರಲಿ, ಬೇಡ. ಅವರು ಇನ್ನೊಮ್ಮೆ ಕರೆಯುತ್ತಾರೆ. ಆಗಲೂ ಬೇಡ, ಈಗಷ್ಟೇ ಊಟ ಆಯಿತು ಅನ್ನಬೇಕು. ಮೂರನೇ ಸಲ ಅವರು "ಏ, ಸುಮ್ನೆ ತಗೋ" ಎಂದು ಗದರುತ್ತಾರೆ. ಕೈ ಚಾಚುವುದು ಆಮೇಲೆ.

"ಮೊದಲ್ನೇ ಸಲಕ್ಕೇ ಹೂಂ ಅಂದ್ರೆ, ಮನ್ಯಾಗೆ ಏನೂ ಇಲ್ಲ, ಹಸ್ಕೊಂಡು ಬಂದಾರೆ ಅಂತಾರೆ" ಎನ್ನುತ್ತಿದ್ದಳು ಅವ್ವ. ನಮ್ಮದು ಶಿರಾಳಕೊಪ್ಪದಲ್ಲಿ ಗಾದಿ ಹೊಲಿಯುವ ಮುಸ್ಲಿಂ ಮನೆ, ಮಾತು ಕನ್ನಡ. ಮನೆಯಲ್ಲಿ ಕೆಲವು ದಿನ ನಿಜಕ್ಕೂ ಏನೂ ಇರುತ್ತಿರಲಿಲ್ಲ. ಅದಕ್ಕೇ ಈ ಕಾನೂನನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕಿತ್ತು. ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಈ ನಲವತ್ತೊಂದನೇ ವಯಸ್ಸಿನಲ್ಲೂ ಬಾಯಿ ತೆರೆದರೆ ಮೊದಲು ಬರುವ ಮಾತು ಬೇಡ.

ನಾನು ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕಿ. ಸಂಶೋಧಕಿ ಎಂದರೆ ಖಾಯಂ ಅಲ್ಲ. ಒಂದು ಯೋಜನೆ ಮುಗಿದರೆ ಇನ್ನೊಂದು ಯೋಜನೆ, ಅದು ಮುಗಿದರೆ ದೇವರ ದಯೆ. ಹೀಗೆ ಹನ್ನೊಂದು ವರ್ಷ ಕಳೆದಿವೆ. ಈಚಿನ ನಾಲ್ಕು ಚಳಿಗಾಲವನ್ನು ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಸುತ್ತಲ ಕಾಡಂಚಿನ ಹಳ್ಳಿಗಳಲ್ಲಿ ಉಣುಗು ಹಿಡಿಯುತ್ತ ಕಳೆದೆ. ಮಂಗನ ಕಾಯಿಲೆ ತರುವ, ಮೈಗೆ ಕಚ್ಚಿ ರಕ್ತ ಹೀರುವ ಉಣುಗು. ಬಿಳಿ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ, ಕಾಡಿನ ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿದರೆ ಎಳ್ಳಿನ ಕಾಳಿನಷ್ಟು ಸಣ್ಣ ಉಣುಗುಗಳು ಅಂಟಿಕೊಂಡಿರುತ್ತವೆ. ಅವನ್ನು ಚಿಮಟದಿಂದ ಹಿಡಿದು ಸ್ಪಿರಿಟ್ ತುಂಬಿದ ಸಣ್ಣ ಶೀಶೆಗೆ ಹಾಕಿ, ಜಾಗ ಬರೆದ ಚೀಟಿಯನ್ನೂ ಒಳಗೆ ಹಾಕಬೇಕು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆ ಬಟ್ಟೆಗಳನ್ನೆಲ್ಲ ನನಗೆ ಹೊಲಿದುಕೊಟ್ಟವನು ಅಪ್ಪ. ಮುಳ್ಳಿಗೆ ಸಿಕ್ಕಿ ಹರಿಯಬಾರದೆಂದು ಅಂಚನ್ನು ಗಾದಿಯ ಸೂಜಿಯಲ್ಲಿ ದಪ್ಪ ದಾರ ಹಾಕಿ ಹೊಲಿದಿದ್ದ. "ಡಾಕ್ಟರೇಟ್ ಮಾಡಿ ಬಟ್ಟೆ ಎಳೀತೀಯಲ್ಲೇ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಆಗ ಇಷ್ಟು ದಣಿದಿರಲಿಲ್ಲ.

ಎರಡನೇ ಚಳಿಗಾಲ ಮುಗಿದಾಗ ಮೊದಲ ಪೇಪರ್ ಸಿದ್ಧವಾಯಿತು. ಸಂಶೋಧನಾ ಪತ್ರಿಕೆಗೆ ಕಳಿಸುವ ಲೇಖನಕ್ಕೆ ನಾವು ಹೇಳುವುದು ಪೇಪರ್ ಎಂದು. ಅದರಲ್ಲಿ ಯಾರ ಹೆಸರು ಮೊದಲು ಬರುತ್ತದೆ ಎಂಬುದೇ ನಮ್ಮ ಲೋಕದಲ್ಲಿ ಎಲ್ಲ. ಮೊದಲ ಹೆಸರು ಕೆಲಸ ಮಾಡಿದವರದು ಎಂದು ಲೆಕ್ಕ. ಮೂರನೆಯದೋ ನಾಲ್ಕನೆಯದೋ ಆದರೆ ಮದುವೆ ಮನೆಯ ಫೋಟೋದಲ್ಲಿ ಹಿಂದೆ ನಿಂತವರ ಹಾಗೆ. ಕಾಡಿನಲ್ಲಿ ಬಟ್ಟೆ ಎಳೆದವಳು ನಾನು. ಉಣುಗು ಎಣಿಸಿದ್ದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೆದದ್ದು ನಾನು. ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ಬೇರೆ ರಾಜ್ಯದವರು, ಕೆಟ್ಟ ಮನುಷ್ಯರಲ್ಲ. ತಮ್ಮ ಕೊಠಡಿಗೆ ಕರೆಸಿ, ಕಂಪ್ಯೂಟರಿನಿಂದ ಮುಖ ಎತ್ತಿ, ಇಂಗ್ಲಿಷಿನಲ್ಲಿ ಕೇಳಿದರು: "ಮೊದಲ ಹೆಸರು ನಿಮ್ಮದೇ ಹಾಕೋಣವೇ?"

ನಾನು ಏನೆಂದೆ? "ಅಯ್ಯೋ, ಬೇಡ ಸರ್. ನೀವು ಹಿರಿಯರು, ನಿಮ್ಮದೇ ಇರಲಿ."

ಹಾಗೆಂದು ತಲೆ ತಗ್ಗಿಸಿ, ಎರಡನೇ ಸಲ ಕೇಳಲಿ ಎಂದು ಕಾಯುತ್ತ ನಿಂತೆ. ಅವರು "ಸರಿ ಹಾಗಾದರೆ" ಎಂದು ತಮ್ಮ ಹೆಸರನ್ನು ಮೊದಲು ಹಾಕಿಕೊಂಡರು. ಕೀಲಿಮಣೆ ಟಕಟಕ ಎಂದಿತು, ಅಷ್ಟೇ. ಎರಡನೆಯ ಹೆಸರು ಉಣುಗು ಪರೀಕ್ಷೆಗೆ ಯಂತ್ರ ಕೊಟ್ಟ ಪ್ರಯೋಗಾಲಯದವರದು. ನನ್ನದು ಮೂರನೆಯದು. ಇಂಗು ತಿಂದ ಮಂಗನ ಹಾಗೆ ಹೊರಗೆ ಬಂದೆ.

ಆ ವಾರ ಶಿರಾಳಕೊಪ್ಪಕ್ಕೆ ಹೋದಾಗ ಅವ್ವನಿಗೆ ಹೇಳಿದೆ. ಅವ್ವನಿಗೆ ಪೇಪರ್ ಅಂದರೇನು ಎಂಬುದು ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಅರ್ಥವಾಯಿತು. "ಮತ್ತೆ ಕೇಳ್ಲಿಲ್ಲೇನು ಅವ್ರು?" ಎಂದಳು. ಇಲ್ಲ ಎಂದೆ. "ಒಂದೇ ಸಲ ಕೇಳಿ ತಟ್ಟಿ ಎತ್ಕೊಂಡು ಹೋದ್ರೇನು? ಎಂಥಾ ಮಂದಿನೋ ಏನೋ. ಅವ್ರ ತಾಯಿ ಕಲ್ಸಿಲ್ಲ ಬಿಡು." ಅವ್ವನ ಪ್ರಕಾರ ತಪ್ಪು ಪೂರ್ತಿ ಅವರದೇ. ನನಗೂ ಹಾಗೆ ನಂಬುವುದು ಸುಲಭವಾಗಿತ್ತು. ಒಂದು ವರ್ಷ ನಂಬಿಕೊಂಡೇ ಇದ್ದೆ.

ಮರುವರ್ಷ ಖಾಯಂ ಹುದ್ದೆಯೊಂದಕ್ಕೆ ಸಂದರ್ಶನ ಬಂತು. ಮೇಜಿನ ಆಚೆ ಐದು ಜನ. ಅವರಲ್ಲಿ ಒಬ್ಬರು ನನ್ನ ಪೇಪರನ್ನು ತಿರುವಿ ಹಾಕಿ ಕೇಳಿದರು, "ಇದು ಒಳ್ಳೆಯ ಕೆಲಸ. ಆದರೆ ನಿಮ್ಮ ಹೆಸರು ಮೂರನೆಯದಿದೆ. ಇದರಲ್ಲಿ ನೀವು ಮಾಡಿದ್ದೇನು?" ಎಲ್ಲವನ್ನೂ ನಾನೇ ಮಾಡಿದ್ದು ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. "ನಮ್ಮ ತಂಡದ ಕೆಲಸ ಸರ್, ನಾನೂ ಸ್ವಲ್ಪ ಸಹಾಯ ಮಾಡಿದೆ" ಎಂದೆ. ಅವರು ಅದನ್ನು ಹಾಗೇ ಬರೆದುಕೊಂಡರು. ಹುದ್ದೆ ಬೇರೆಯವರಿಗೆ ಹೋಯಿತು. ಬಸ್ಸಿನಲ್ಲಿ ಅಳು ಬರಬಹುದು ಎಂದುಕೊಂಡಿದ್ದೆ, ನಿದ್ದೆ ಬಂತು. ಕಂಡಕ್ಟರ್ ಎಬ್ಬಿಸುವಾಗ ಶಿಕಾರಿಪುರ ಬಂದಿತ್ತು.

ಆಮೇಲೆ ವಿಶ್ವವಿದ್ಯಾಲಯದವರು ನಮ್ಮಂಥವರಿಗೆಂದೇ ಒಂದು ದಿನದ ಕಾರ್ಯಾಗಾರ ಇಟ್ಟರು. ನಮ್ಮ ಪರವಾಗಿ ನಾವೇ ಮಾತಾಡುವುದು ಹೇಗೆ ಎಂಬುದು ವಿಷಯ. ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಬಂದು, ಬೆನ್ನು ನೆಟ್ಟಗೆ ಮಾಡಿ ಕೂರಲು ಹೇಳಿದಳು. ಹಳದಿ ಚೀಟಿಗಳ ಮೇಲೆ ನಮ್ಮ ಸಾಧನೆಗಳನ್ನು ಬರೆದು ಗೋಡೆಗೆ ಅಂಟಿಸಿ ಎಂದಳು. ಎಲ್ಲರೂ ಅಂಟಿಸಿದರು. ನನ್ನ ಚೀಟಿ ಎರಡು ಸಲ ಬಿತ್ತು. ಕನ್ನಡಿ ಮುಂದೆ ನಿಂತು ನನಗೆ ಇದು ಬೇಕು ಎಂದು ದಿನಾ ಹತ್ತು ಸಲ ಹೇಳಿಕೊಳ್ಳಿ ಎಂದಳು. ನಡುವೆ ಚಹಾ ಬಂತು. ತಟ್ಟೆ ಹಿಡಿದವರು ನನ್ನ ಮುಂದೆ ನಿಂತಾಗ ನಾನು ಬೇಡ ಅಂದೆ. ತಟ್ಟೆ ಮುಂದಕ್ಕೆ ಹೋಯಿತು. ಅವತ್ತಿನ ನನ್ನ ಕಲಿಕೆ ಅಷ್ಟು. ಆದರೂ ಕನ್ನಡಿಯ ಪಾಠವನ್ನು ಬಿಡಲಿಲ್ಲ. ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ, ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರು ನಾನು ದುವಾ ಓದುತ್ತಿದ್ದೇನೆ ಎಂದುಕೊಂಡು ಸರಿದು ಜಾಗ ಬಿಡುತ್ತಿದ್ದರು.

ಇಷ್ಟರಲ್ಲಿ ಎರಡನೇ ಪೇಪರಿನ ಕೆಲಸ ಮುಗಿಯುತ್ತ ಬಂದಿತ್ತು. ಇದು ಮೊದಲನೆಯದಕ್ಕಿಂತ ದೊಡ್ಡದು. ಕಾಡಂಚಿನ ಹೆಂಗಸರು ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುತ್ತಾರಲ್ಲ, ಅವರು ಯಾವ ತಿಂಗಳಲ್ಲಿ ಯಾವ ದಾರಿ ಹಿಡಿಯುತ್ತಾರೆ, ಆ ದಾರಿಗಳಲ್ಲಿ ಎಲ್ಲಿ ಉಣುಗು ಜಾಸ್ತಿ ಎಂಬುದನ್ನು ನಕ್ಷೆ ಮಾಡಿದ್ದೆವು. ಈ ಪೇಪರಿಗೂ ನನ್ನ ಹೆಸರು ಮೊದಲು ಬರದಿದ್ದರೆ, ಇನ್ನು ನನ್ನನ್ನು ಯಾರೂ ಸಂದರ್ಶನಕ್ಕೂ ಕರೆಯುವುದಿಲ್ಲ. ಯೋಜನೆ ಮಾರ್ಚಿಗೆ ಮುಗಿಯುತ್ತದೆ. ಆಮೇಲೆ ಕಾಡೂ ಇಲ್ಲ, ಶೀಶೆಯೂ ಇಲ್ಲ, ಅಪ್ಪನ ಬಟ್ಟೆಗಳನ್ನು ಮಡಿಸಿ ಟ್ರಂಕಿಗೆ ಹಾಕುವುದೇ. ಹೋಗಿ ಕೇಳಬೇಕು. ಕೇಳಬೇಕು ಎಂದುಕೊಂಡೇ ಡಿಸೆಂಬರ್ ಪೂರ್ತಿ ಕಳೆಯಿತು.

ಕಾಡಿನಲ್ಲಿ ನನ್ನ ಜೊತೆ ಬರುತ್ತಿದ್ದವಳು ಕಾಡಂಚಿನ ಒಂದು ಹಳ್ಳಿಯ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು. ಬೇಸಾಯದ ಮನೆ, ಎರಡು ಎಮ್ಮೆ. ನಾನು ಅಕ್ಕ ಅನ್ನುತ್ತಿದ್ದೆ. ಊರವರು ದೊಡ್ಡ ಮಗನ ಹೆಸರು ಹಿಡಿದು ಅವನ ತಾಯಿ ಅನ್ನುತ್ತಿದ್ದರು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕಿ, ಉಣುಗು ಕಚ್ಚದಿರಲೆಂದು ಆರೋಗ್ಯ ಕೇಂದ್ರದವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆಲ್ಲ ಬಳಿದುಕೊಂಡು ಮುಂದೆ ನಡೆಯುತ್ತಿದ್ದಳು. ದಾರಿ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎಲ್ಲಿ ತರಗೆಲೆ ದಪ್ಪ ಬೀಳುತ್ತದೆ, ಎಲ್ಲಿಗೆ ಹೆಂಗಸರು ಸುಗ್ಗಿ ಮುಗಿದ ಮೇಲೆ ಮಾತ್ರ ಹೋಗುತ್ತಾರೆ, ಯಾವ ಮರದ ಕೆಳಗೆ ಮಂಗ ಸತ್ತುಬಿದ್ದ ಮೇಲೆ ಎಷ್ಟು ದಿನ ಆ ಕಡೆ ಯಾರೂ ಸುಳಿಯಲಿಲ್ಲ, ಎಲ್ಲವೂ ಅವಳ ತಲೆಯೊಳಗಿತ್ತು. ನಾನು ಬರೆದುಕೊಂಡೆ, ಅಷ್ಟೇ.

ಜನವರಿಯ ಒಂದು ಬೆಳಿಗ್ಗೆ ಬಟ್ಟೆ ಎಳೆದು ಸೋತು, ಒಂದು ಬಂಡೆಯ ಮೇಲೆ ಕೂತಿದ್ದೆವು. ಅವಳು ಬುತ್ತಿ ಬಿಚ್ಚಿದಳು. ಅಕ್ಕಿರೊಟ್ಟಿ, ಚಟ್ನಿ. ನನಗೊಂದು ಕೊಡಲು ಬಂದಳು. ಬೇಡ ಅಂದೆ. ಮತ್ತೆ ಕೊಡಲು ಬಂದಳು. ಬೇಡ ಅಂದೆ. ಅವಳು ನನ್ನ ಕೈ ಎಳೆದು ರೊಟ್ಟಿ ಇಟ್ಟಳು. ರೊಟ್ಟಿ ತಿನ್ನುತ್ತ ನನಗೇನಾಯಿತೋ, ಪ್ರೊಫೆಸರರ ಕೊಠಡಿಯಲ್ಲಿ ಆದದ್ದನ್ನೆಲ್ಲ ಹೇಳಿಬಿಟ್ಟೆ. ಸಂದರ್ಶನ, ಹಳದಿ ಚೀಟಿ, ಬಸ್ಸಿನ ಕಿಟಕಿ, ಎಲ್ಲ.

ಅವಳು ಬಿದ್ದು ಬಿದ್ದು ನಕ್ಕಳು. "ಎಂಥ ಜನ ಮಾರಾಯ್ತಿ ಅವ್ರು. ಬ್ಯಾಡ ಅಂದ್ರೆ ಬ್ಯಾಡನೇ ಅಂತ ತಿಳ್ಕೊಂಡ್ರಾ? ಇನ್ನೊಂದ್ಸಲ ಕೇಳ್ಲೇ ಇಲ್ವಾ?"

"ಇಲ್ಲ ಅಕ್ಕ. ಒಂದೇ ಸಲ ಕೇಳೋರು ಅವ್ರು" ಎಂದೆ. ನನಗೂ ನಗು ಬಂತು. ಅವ್ವನೂ ಹೀಗೇ ಅಂದಳು ಎಂದು ಹೇಳಿದೆ.

ಅವಳು ನಗು ನಿಲ್ಲಿಸಿ ಚಟ್ನಿಯ ಡಬ್ಬಿಗೆ ಮುಚ್ಚಳ ಹಾಕಿದಳು. ಬುತ್ತಿಯ ಬಟ್ಟೆಗೆ ಗಂಟು ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು, "ನೀವೂ ನನ್ನ ಒಂದೇ ಸಲ ಕೇಳಿದ್ರಿ ಅಲ್ದಾ ಮೇಡಂ."

ನನಗೆ ತಕ್ಷಣ ಹೊಳೆಯಲಿಲ್ಲ. ಏನು ಅಕ್ಕ ಎಂದೆ.

"ಮೊದ್ಲು ಬರ್ದಿದ್ರಲ್ಲ ಪೇಪರ್ರು, ಆವಾಗ. ನಮ್ಮನೆ ಜಗಲಿ ಮೇಲೆ ನಿಂತ್ಕಂಡು, ನಿಮ್ಮ ಹೆಸ್ರು ಹಾಕ್ಲಾ ಅಕ್ಕ ಅಂತ ಕೇಳಿದ್ರಿ. ನಾನು, ನಮ್ಮ ಹೆಸ್ರು ಎಂತಕ್ಕೆ ಬಿಡಿ ಅಂದೆ. ನೀವು ಆತು ಅಂದು ಬಸ್ಸಿಗೆ ಹೋದ್ರಿ."

ನೆನಪಾಯಿತು. ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೇಳಿದ್ದೆ. ಪೇಪರಿನ ಕೊನೆಯ ಸಾಲಿನಲ್ಲಿ, ನೆರವಾದ ಸ್ಥಳೀಯರಿಗೆ ವಂದನೆಗಳು ಎಂದು ಬರೆದು ಕೈತೊಳೆದುಕೊಂಡಿದ್ದೆ. ಪ್ರೊಫೆಸರರಾದರೂ ಹೊರಗಿನವರು, ಅವರಿಗೆ ನಮ್ಮ 'ಬೇಡ'ದ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಅವತ್ತು ಬಂಡೆಯ ಮೇಲೆ ನನಗಾದ ನಾಚಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

"ಈಗ ಕೇಳ್ತೀನಿ ಅಕ್ಕ. ಈ ಪೇಪರಿಗೆ ನಿಮ್ಮ ಹೆಸರು ಹಾಕಲಾ? ಕೊನೆಯಲ್ಲಿ ಅಲ್ಲ, ಮೇಲೆ, ನನ್ನ ಹೆಸರಿನ ಜೊತೆ" ಎಂದೆ.

"ಹೋಗಿ ಹೋಗಿ. ನಿಮ್ಮ ಹೆಸ್ರೇ ಎಲ್ಲಿದೆ ಅಂತ ಗೊತ್ತಿಲ್ಲ. ಮೊದ್ಲು ನಿಮ್ದು ಕೇಳ್ಕಂಡು ಬನ್ನಿ" ಎಂದು ಅವಳು ಎದ್ದು ಬಟ್ಟೆಯ ಕೋಲು ಹಿಡಿದಳು. ಎರಡನೇ ಸಲದ ಬೇಡ ಅದು. ಅಷ್ಟು ನನಗೆ ತಿಳಿಯಿತು.

ಮುಂದಿನ ಸೋಮವಾರ ಪ್ರೊಫೆಸರರ ಕೊಠಡಿಗೆ ಹೋದೆ. ಬೆನ್ನು ನೆಟ್ಟಗೆ ಇರಲಿಲ್ಲ. ಕಾರ್ಯಾಗಾರದಲ್ಲಿ ಕಲಿತ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಸರ್, ಈ ಪೇಪರಿನಲ್ಲಿ ಮೊದಲ ಹೆಸರು ನನ್ನದು ಇರಬೇಕು. ಕೆಲಸ ನನ್ನದು" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಂಕುಳು ಬೆವತಿತ್ತು.

ಅವರು ಆಶ್ಚರ್ಯದಿಂದ ನೋಡಿದರು. "ಖಂಡಿತ. ಹೋದ ಸಲವೂ ನಾನೇ ಕೇಳಿದ್ದೆನಲ್ಲ. ನೀವೇ ಬೇಡ ಅಂದಿರಿ."

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟೆ. ಇಷ್ಟು ವರ್ಷ ಗೋಡೆ ಅಂದುಕೊಂಡಿದ್ದು ಬರೀ ಪರದೆ ಎಂದು ಗೊತ್ತಾದರೆ ಹಗುರವಾಗುವುದಿಲ್ಲ, ಸಿಟ್ಟು ಬರುತ್ತದೆ. ಅವರ ಮೇಲೆ ಅಲ್ಲ, ಅವ್ವನ ಮೇಲೂ ಅಲ್ಲ. ಎರಡು ವರ್ಷ ಮೈ ಹಿಂಡಿದ ದುಃಖಕ್ಕೆ ಒಂದೇ ಒಂದು ವಾಕ್ಯ ಸಾಕಾಗಿತ್ತಲ್ಲ ಎಂದು.

"ಇನ್ನೊಂದು ಸರ್" ಎಂದೆ. ಅಕ್ಕನ ವಿಷಯ ಹೇಳಿದೆ. ಅವಳ ಹೆಸರು ಎರಡನೆಯದಾಗಿ ಬರಬೇಕು ಎಂದೆ.

ಅವರು ನಕ್ಕರು, ಒಳ್ಳೆಯ ನಗುವೇ. "ವಂದನೆಗಳಲ್ಲಿ ಹೆಸರು ಹಾಕಿ, ಸಂತೋಷ. ಲೇಖಕಿ ಎಂದರೆ ಹೇಗೆ? ಪೇಪರ್ ಓದದವರು ಲೇಖಕಿ ಹೇಗಾಗುತ್ತಾರೆ? ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ?"

"ನಕ್ಷೆ ಅವರದು ಸರ್. ಪ್ರಶ್ನೆ ಬಂದರೆ ಉತ್ತರ ಇರುವುದೂ ಅವರ ಹತ್ತಿರವೇ."

"ನೋಡೋಣ" ಎಂದು ಅವರು ಕಂಪ್ಯೂಟರಿನ ಕಡೆ ತಿರುಗಿದರು.

ನೋಡೋಣ ಅಂದರೆ ಹೊರಡಿ ಎಂದು. ಹನ್ನೊಂದು ವರ್ಷ ಆ ಮಾತು ಕೇಳಿದೊಡನೆ ನಾನು ಎದ್ದು ಥ್ಯಾಂಕ್ಯೂ ಸರ್ ಅಂದಿದ್ದೇನೆ. ಅವತ್ತು ಏಳಲಿಲ್ಲ. ಧೈರ್ಯ ಅಂತ ಹೇಳಲಾರೆ, ಏಳಲು ಶಕ್ತಿ ಇರಲಿಲ್ಲ. ಅವರು ಟೈಪು ಮಾಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಚೇರಿಯ ಅಟೆಂಡರ್ ಚಹಾ ತಂದು, "ಮೇಡಂ, ಟೀ ಕೊಡ್ಲಾ?" ಎಂದ.

"ಕೊಡಿ" ಎಂದೆ.

ಮೊದಲನೇ ಸಲಕ್ಕೇ. ಅವ್ವ ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಲೋಟ ಹಿಡಿದು ಕುಡಿಯುತ್ತ ಕೂತೆ. ಪ್ರೊಫೆಸರ್ ತಿರುಗಿ, ನಾನು ಇನ್ನೂ ಅಲ್ಲೇ ಇರುವುದನ್ನು ಕಂಡು, ಕನ್ನಡಕ ತೆಗೆದರು. "ನೀವು ಹೋಗುವುದಿಲ್ಲ ಅಲ್ಲವೇ?" ಎಂದರು. ಇಲ್ಲ ಸರ್ ಎಂದೆ. ಸ್ವಲ್ಪ ಹೊತ್ತಾದ ಮೇಲೆ, ಪೇಪರ್ ಪೂರ್ತಿ ನಿಮ್ಮ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿ, ಅವರು ತಪ್ಪು ಕಂಡರೆ ತಿದ್ದಲಿ, ಒಪ್ಪಿದರೆ ಆಗಬಹುದು ಎಂದರು. ಚಹಾ ಆರಿಹೋಗಿತ್ತು. ಅದನ್ನೂ ಕುಡಿದು ಮುಗಿಸಿದೆ.

ಹುದ್ದೆ ಸಿಕ್ಕಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಪೇಪರ್ ಇನ್ನೂ ಪತ್ರಿಕೆಯವರ ಬಳಿ ಇದೆ, ಯೋಜನೆಯನ್ನು ಇನ್ನು ಆರು ತಿಂಗಳು ವಿಸ್ತರಿಸಿದ್ದಾರೆ. ಆಯಾಸವೂ ಹೋಗಿಲ್ಲ. ಕೇಳಲು ಕಲಿತರೆ ಆಯಾಸ ಹೋಗುತ್ತದೆ ಎಂದು ಯಾರೋ ಹೇಳಿದ್ದರು, ಸುಳ್ಳು. ಈಗ ಪ್ರತಿಯೊಂದನ್ನೂ ಕೇಳಬೇಕು, ಕೇಳಿ ಕೂತಿರಬೇಕು. ಅದೇ ಒಂದು ಕೆಲಸ.

ಕಳಿಸುವ ಮೊದಲು ಪೇಪರನ್ನು ಅಕ್ಕನಿಗೆ ಎರಡು ಮಧ್ಯಾಹ್ನ ಓದಿ ಹೇಳಿದೆ, ಅದೇ ಜಗಲಿಯ ಮೇಲೆ. ಈ ಸಲ ಚಪ್ಪಲಿ ಅಂಗಳದಲ್ಲೇ ಬಿಟ್ಟಿದ್ದೆ, ಕೊನೆಯ ಬಸ್ಸು ಹೋದರೆ ಹೋಗಲಿ ಎಂದು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳಿದಳು. ಬೇಸರ ಬಂದಾಗ ಆಕಳಿಸಿದಳು. ನಕ್ಷೆ ಬಿಚ್ಚಿದಾಗ ಮಾತ್ರ ಮೊರ ಬದಿಗಿಟ್ಟು ಬಗ್ಗಿದಳು. "ಇದು ತಪ್ಪು" ಎಂದು ಒಂದು ಗೆರೆಯ ಮೇಲೆ ಬೆರಳಿಟ್ಟಳು. "ಸಂಕ್ರಾಂತಿ ಕಳೆದ್ಮೇಲೆ ಈ ಕಡೆ ಯಾರೂ ಹೋಗಲ್ಲ. ಹಳ್ಳ ಬತ್ತಿರ್ತದೆ, ಕುಡಿಯೋಕೆ ನೀರು ಸಿಗಲ್ಲ. ಈ ಕಡೆ ಹೋಗ್ತಾರೆ, ನೋಡಿ." ನಾನು ಎರಡು ವರ್ಷ ತಿದ್ದಿ ತಿದ್ದಿ ಮಾಡಿದ್ದ ನಕ್ಷೆ. ಅಳಿಸಿ ಹೊಸದಾಗಿ ಎಳೆದೆ.

ಮುಗಿದ ಮೇಲೆ ಕೇಳಿದೆ. "ಅಕ್ಕ, ಮೂರನೇ ಸಲ ಕೇಳ್ತಾ ಇದೀನಿ. ನಿಮ್ಮ ಹೆಸರು ಹಾಕಲಾ?"

ಅವಳು ಎದ್ದು ಹೋಗಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನಾನು ಪೆನ್ಸಿಲ್ ತೆಗೆದು, ಯೋಜನೆಯ ಪುಸ್ತಕದಲ್ಲಿದ್ದ ಅವಳ ಹೆಸರು ನೋಡಿ ಬರೆಯಲು ಹೋದೆ.

"ಅದಲ್ಲ" ಎಂದಳು. "ಅದು ರೇಷನ್ ಕಾರ್ಡಿಂದು. ಮದ್ವೇಲಿ ಅತ್ತೆ ಮನೆಯೋರು ಇಟ್ಟಿದ್ದು. ನಂದು ಬೇರೆ ಇದೆ."

ನಾಲ್ಕು ಚಳಿಗಾಲ ಅವಳ ಬೆನ್ನ ಹಿಂದೆ ನಡೆದಿದ್ದೆ. ಒಂದು ದಿನವೂ ಕೇಳಿರಲಿಲ್ಲ. ಅವಳು ತವರಿನಲ್ಲಿ ಇಟ್ಟ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ನಾನು ಬರೆದೆ.

"ಓದಿ ನೋಡನ" ಎಂದಳು.

ಓದಿದೆ.

"ಇನ್ನೊಂದ್ಸಲ."